ಹೆಸರು ಒಳಕ್ಕೆ

ಕಿರುಗಾವಲು ದಾಟಿ ನಾಲೆ ಏರಿಯ ಮೇಲೆ
ಎರಡು ಫರ್ಲಾಂಗು ನಡೆದರೆ ಚಿಕ್ಕತಾಯಮ್ಮನ ಮೂರು ಗುಂಟೆ.
ಅಲ್ಲಿ ನಾನು ಮೊದಲು ಕಂಡದ್ದು ಜಾಗವನ್ನಲ್ಲ,
ಟಾರ್ಪಾಲಿನಡಿ ಕೂತಿದ್ದ ಇಟ್ಟಿಗೆಗಳನ್ನು.

ಗೂಡು ಮುಚ್ಚುವಾಗ ಸಾಹುಕಾರ
ಮೂರು ವರ್ಷದ ಕೂಲಿ ಬಾಕಿಗೆ ಇಟ್ಟಿಗೆಯನ್ನೇ ಕೊಟ್ಟಿದ್ದ.
ತಾನೇ ಕುಯ್ದದ್ದನ್ನು ಆರಿಸಿ ತಂದಿದ್ದಳು:
ಒಂಬತ್ತು ಸಾವಿರದ ಇನ್ನೂರು.
ಮತ್ತೊಮ್ಮೆ ಎಣಿಸಿ,
ಸೀಳಿದ್ದು ಇಪ್ಪತ್ತಾರು ಎಂದು ಬೇರೆ ಇಟ್ಟಿದ್ದಳು.
"ಇಷ್ಟರಲ್ಲಿ ಒಂದು ಮನೆ ಬರ್ದುಕೊಡವ್ವ.
ಮಿಕ್ಕುದ್ರೆ ಮಿಕ್ಲಿ, ಸಾಲ್ದೆ ಹೋಗ್ಬಾರ್ದು."

ಕಾಲೇಜಿನಲ್ಲಿ ಯಾರೂ ಹೀಗೆ ಕೇಳಿರಲಿಲ್ಲ.
ಅಲ್ಲಿ ಮನೆ ಮೊದಲು, ಲೆಕ್ಕ ಆಮೇಲೆ.
ಸರಸ್ವತಿಪುರಂನ ಬಾಡಿಗೆ ಕೋಣೆಯಲ್ಲಿ ಮೂರು ರಾತ್ರಿ
ಗೋಡೆಗಳನ್ನು ಭಾಗಿಸುತ್ತ ಕೂತೆ.
ಮಾಮೂಲಿ ಒಂಬತ್ತಿಂಚಿನ ಗೋಡೆ
ಲಿಂಟಲ್ಲಿಗೆ ಬಂದು ಸುಸ್ತಾಗಿ ನಿಲ್ಲುತ್ತಿತ್ತು.
ಅಡುಗೆಮನೆ ಕಿರಿದು ಮಾಡಿದೆ.
ನಾಚಿಕೆಯಾಗಿ ಮತ್ತೆ ಹಿರಿದು ಮಾಡಿದೆ.
ಕೊನೆಗೆ ಇಟ್ಟಿಗೆಗಳನ್ನು ಮಲಗಿಸದೆ ಮಗ್ಗುಲಿಗೆ ನಿಲ್ಲಿಸಿದೆ,
ಎರಡರ ನಡುವೆ ಮೂರಿಂಚು ಏನೂ ಇಲ್ಲ.
ಗೋಡೆ ಎದ್ದು ಸೂರು ಮುಟ್ಟಿತು,
ಪಡುವಣಕ್ಕೊಂದು ಜಾಲಂದ್ರಕ್ಕೂ ಸಾಕಾಯಿತು.

ಇದಕ್ಕೆ ಇಲಿಬೋನಿನ ಕಟ್ಟು ಅಂತಾರೆ, ಎಂದೆ.
ಗಾರೆ ಕೆಲಸದ ಮರಿಜವರ ಕರಣೆ ಕೆಳಗಿಟ್ಟ.
"ಒಳಗೆ ಪೊಳ್ಳು ಬಿಟ್ಟು ಕಟ್ಟೋದಾ?
ನಾಳೆ ಬಿದ್ರೆ ನನ್ ಹೆಸ್ರು ಹೇಳ್ತಾರೆ, ನಿಮ್ದಲ್ಲ."
ನಾನು ಬಿಸಿಲಿನ ಬಗ್ಗೆ ಹೇಳಿದೆ, ಶಾಖ ತಡೆಯುವ ಗಾಳಿಯ ಬಗ್ಗೆ,
ಏಪ್ರಿಲ್ ಮಧ್ಯಾಹ್ನಗಳ ಬಗ್ಗೆ.
ಆತ ರಸಮಟ್ಟದ ಗುಳ್ಳೆ ನೋಡುತ್ತಿದ್ದ.
ಚಿಕ್ಕತಾಯಮ್ಮ ಅಂದಳು: "ಬಿದಿರೂ ಪೊಳ್ಳೇಯ. ಕಟ್ಟು."

ಮೂರನೇ ವರಸೆಗೆ ತಕರಾರು ಬಂತು.
ಮಗ್ಗುಲಿಗೆ ನಿಂತ ಇಟ್ಟಿಗೆಗೆ ಎರಡು ಮುಖ:
ಒಂದರಲ್ಲಿ ಅಚ್ಚಿನ ಗುಳಿ, ಗುಳಿಯೊಳಗೆ ಸಾಹುಕಾರನ ಎರಡು ಉಬ್ಬಕ್ಷರ,
ಇನ್ನೊಂದು ಸುಮ್ಮನೆ ಒರಟು.
ಮರಿಜವರ ಅಕ್ಷರ ಹೊರಗಿಡುತ್ತಿದ್ದ, ಅಂದವಾಗಿ, ದಾರಕ್ಕೆ ಸರಿಯಾಗಿ.
ನನ್ನ ನಕ್ಷೆ ಈ ಬಗ್ಗೆ ಏನೂ ಹೇಳಿರಲಿಲ್ಲ.
ಆಕೆ ಮಂಕರಿ ಇಳಿಸಿ ಬಂದು
ಒಂದನ್ನು ತಿರುಗಿಸಿದಳು.
"ಹೆಸ್ರು ಒಳಕ್ಕಿರ್ಲಿ."

ಆಗ ಕಂಡೆ:
ಒರಟು ಎಂದುಕೊಂಡದ್ದು ಬೆರಳು.
ಅಚ್ಚು ತುಂಬಿ ಮಿಕ್ಕ ಮಣ್ಣನ್ನು ಸವರಿ ತೆಗೆದ ಗೆರೆ,
ನಾಲ್ಕು ನಾಲ್ಕು, ಪ್ರತಿಯೊಂದರಲ್ಲೂ,
ಕೊನೆಯಲ್ಲಿ ಸ್ವಲ್ಪ ಬಾಗಿ.
ಕೆಲವದರಲ್ಲಿ ಮೂರೇ; ಅದು ಕಿರುಬೆರಳಿಗೆ ಬಟ್ಟೆ ಸುತ್ತಿದ್ದ ವಾರ.
ಒಂದರಲ್ಲಿ ಭತ್ತದ ಕಾಳಿನಷ್ಟು ತಗ್ಗು,
ಕಾಳು ಗೂಡಿನಲ್ಲಿ ಉರಿದುಹೋಗಿ
ಅದರ ಜಾಗ ಮಾತ್ರ ಬೆಂದು ಉಳಿದಿತ್ತು.
"ಗದ್ದೆ ಮಣ್ಣು ಕಣವ್ವ," ಎಂದಳು, "ಕುಯ್ಲಾದ್ಮೇಲೆ ಹೊಡ್ದಿದ್ದು."

ಮೂವತ್ತು ವರ್ಷ ಈ ಸೀಮೆಯ ಮನೆಮನೆಗೂ ಇಂಥವೇ ಹೋದವು.
ಮೇಲೆ ಗಾರೆ, ಗಾರೆಯ ಮೇಲೆ ಗಿಳಿಹಸಿರು, ಗುಲಾಬಿ,
ಬಾಗಿಲ ಮೇಲೆ ಯಜಮಾನರ ಹೆಸರು.
"ಮಾಡ್ದೋಳ್ ಕಣ್ಗೆ ಒಂದ್ಸಲಾನೂ ಕಾಣ್ನಿಲ್ಲ."

ಈಗ ಕಬ್ಬಿನ ಗಾಡಿಯವರು ನಾಲೆ ಏರಿಯಿಂದ ಕೂಗುತ್ತಾರೆ,
"ಕಾಸು ಸಾಲ್ನಿಲ್ವಾ ಚಿಕ್ಕತಾಯಿ? ಗಾರೆ ಯಾವಾಗ?"
ಆಕೆ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತ ಕೂತಿರುತ್ತಾಳೆ.

ಜಾಲಂದ್ರ ನಾನು ಅಂದುಕೊಂಡಂತೆ ಆಗಿಲ್ಲ.
ಗಾಳಿ ಬರುತ್ತದೆ, ಜೊತೆಗೆ ಆಲೆಮನೆಯ ನೊಣವೂ.
ಕೆಳಗಿನ ಎರಡು ಸಾಲಿಗೆ ಹಳೇ ಸೀರೆ ಬಿಗಿದಿದ್ದಾಳೆ;
ಫೋಟೋ ತೆಗೆಯಲು ಹೋದಾಗ ಬಿಚ್ಚಲೇ ಎಂದು ಕೇಳಿದಳು,
ಬೇಡ ಎನ್ನಲು ನನಗೆ ಒಂದು ನಿಮಿಷ ಬೇಕಾಯಿತು.
ಮರಿಜವರ ಆ ಕಡೆ ಬಂದಾಗಲೆಲ್ಲ
ಗೋಡೆಗೆ ಕಿವಿಯಿಟ್ಟು ಕೇಳುತ್ತಾನಂತೆ,
ಇಲಿ ಸೇರಿದೆಯೋ ಎಂದು.

ಹನ್ನೊಂದು ಇಟ್ಟಿಗೆ ಮಿಕ್ಕವು.
ಪಕ್ಕದವರು ಒಲೆಗೆ ಮೂರು ಕೇಳಿದರು, ಕೊಡಲಿಲ್ಲ.
ಹಿತ್ತಿಲಲ್ಲಿ ಜೋಡಿಸಿಟ್ಟು, ಕತ್ತಲಾದ ಮೇಲೆ
ಅವುಗಳ ಮೇಲೆ ಕೂರುತ್ತಾಳೆ.
ಆ ಹೊತ್ತಿಗೂ ಬೆಚ್ಚಗಿರುತ್ತವಂತೆ.